ಕೌನ್ಸೆಲಿಂಗ್ ರೂಮಿನಿಂದ ಡೈರೆಕ್ಟರ್ ಕುರ್ಚಿಗೆ ಕರೀತಿದ್ದಾರೆ, ಹೋಗ್ಲಾ ಬೇಡ್ವಾ?

ಹೊಂಗೆನೆರಳು (ತುಮಕೂರು):
ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದ್ತಾ ಇದ್ದೀನಿ, ಬರೆಯೋದು ಇದೇ ಮೊದಲು.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಎಂ.ಫಿಲ್ ಮುಗಿಸಿ ಹನ್ನೊಂದು ವರ್ಷ. ಅದರಲ್ಲಿ ಎಂಟು ವರ್ಷ ತುಮಕೂರಿನ ಹತ್ತಿರ ಒಂದು ಮಾನಸಿಕ ಪುನರ್ವಸತಿ ಕೇಂದ್ರದಲ್ಲಿ ಕಳೆದಿದ್ದೀನಿ. 40 ಹಾಸಿಗೆ, ಒಂದು ಡೇ ಕೇರ್, ವಾರಕ್ಕೆರಡು ದಿನ ಹಳ್ಳಿ ಕಡೆ ಕ್ಲಿನಿಕ್. ಮೊದಲಿಂದ ನಡೆಸಿಕೊಂಡು ಬಂದ ಮನೋವೈದ್ಯರು ವಯಸ್ಸಾಯ್ತು ಅಂತ ಬಿಡ್ತಿದ್ದಾರೆ. ಹೋದ ವಾರ ಟ್ರಸ್ಟ್‌ನವರು ಕರೆದು ಕಾಫಿ ಕೊಟ್ಟು, "ಇನ್ಮೇಲೆ ನೀವೇ ನೋಡ್ಕೊಳಿ ಮೇಡಂ" ಅಂದುಬಿಟ್ರು. ಅವತ್ತಿಂದ ನಿದ್ದೆ ಇಲ್ಲ. ನಿದ್ದೆ ಬರದೋರಿಗೆ ನಾನೇ ಹೇಳಿಕೊಡೋ ಉಪಾಯಗಳು ಒಂದೂ ನನಗೆ ನಾಟ್ತಾ ಇಲ್ಲ.

ನನ್ನ ತೊಳಲಾಟ ಇದು. ನಮ್ಮಲ್ಲಿ ಇಬ್ಬರು ಮನೋವೈದ್ಯರಿದ್ದಾರೆ, ಒಬ್ಬರು ಪೂರ್ತಿ ಸಮಯ, ಇನ್ನೊಬ್ಬರು ವಾರಕ್ಕೆ ಮೂರು ದಿನ ಬರ್ತಾರೆ. ಸುದ್ದಿ ಗೊತ್ತಾದ ಮಾರನೇ ದಿನವೇ ಒಬ್ಬರು ಊಟದ ಹೊತ್ತಲ್ಲಿ ನಗ್ತಾ ನಗ್ತಾ, "ಇನ್ಮೇಲೆ ಡಾಕ್ಟ್ರ ರಜೆಗೆ ಡಾಕ್ಟ್ರಲ್ಲದವ್ರು ಸಹಿ ಹಾಕ್ತಾರೆ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮನೆಗೆ ಬಂದು ಅತ್ತೆ. ಎರಡನೇದು, ನಾನು ನೋಡ್ತಿರೋ 23 ಜನ. ಕೆಲವರು ನನ್ನ ಹತ್ತಿರ ಬಾಯಿ ಬಿಡೋಕೆ ಒಂದು ವರ್ಷ ತಗೊಂಡಿದ್ದಾರೆ. ಮೂರನೇದು, ನಮ್ಮ ಸೋಶಿಯಲ್ ವರ್ಕರ್ ಇದ್ದಾಳಲ್ಲ, ದಿನಾ ಒಂದೇ ಡಬ್ಬಿ ಹಂಚಿಕೊಂಡು ಉಣ್ಣೋರು ನಾವು, ನಾಳೆಯಿಂದ ಅವಳಿಗೆ ನಾನು ಬಾಸ್.

ಕಾನೂನಲ್ಲಿ ಇದಕ್ಕೆ ಅವಕಾಶ ಇದೆಯಾ ಅನ್ನೋದೂ ಸರಿಯಾಗಿ ಗೊತ್ತಿಲ್ಲ. ಹಿಂಗೆ ದಾಟಿದವರು ಯಾರಾದ್ರೂ ಇದ್ರೆ ಹೇಳಿ.

ಬಟವಾಡಿ_ಹುಡುಗ:
ಸಂಬಳ ಎಷ್ಟು ಜಾಸ್ತಿ ಮಾಡ್ತಾರೆ? ಮೊದಲು ಅದು ಹೇಳಿ ಮೇಡಂ.

ಹೊಂಗೆನೆರಳು:
ಹನ್ನೆರಡು ಸಾವಿರ.

ಬಟವಾಡಿ_ಹುಡುಗ:
ಅದರಲ್ಲಿ ಬಿಪಿ ಮಾತ್ರೆ ದುಡ್ಡು ಕಳೆದು ಹೇಳಿ 😄

ಅಂತರಗಂಗೆ (ಕೋಲಾರ):
ನಾನು ಮನೋವೈದ್ಯ, ಇಪ್ಪತ್ತು ವರ್ಷದ ಅನುಭವ. ಮೇಡಂ ಬೇಜಾರು ಮಾಡ್ಕೋಬಾರದು, ನೇರವಾಗಿ ಬರೀತೀನಿ. ಊಟದ ಹೊತ್ತಲ್ಲಿ ಆ ಮಾತಾಡಿದ್ದು ತಪ್ಪು, ಒಪ್ಪಿದೆ. ಆದರೆ ಮಾತಿನ ಹಿಂದಿರೋ ಭಯ ಸುಳ್ಳಲ್ಲ.

ಒಂದು ಉದಾಹರಣೆ. ತೀವ್ರ ಮನೋರೋಗಕ್ಕೆ ಕೊಡೋ ಕ್ಲೋಜಪಿನ್ ಮಾತ್ರೆ ಶುರು ಮಾಡಿದ ಮೇಲೆ ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತ ಪರೀಕ್ಷೆ ಆಗಲೇಬೇಕು, ಬಿಳಿ ರಕ್ತಕಣ ಕುಸಿದರೆ ಜೀವಕ್ಕೇ ಅಪಾಯ. ಮನಸ್ಸಿನ ಏರುಪೇರಿಗೆ ಲಿಥಿಯಂ ತಗೊಳ್ಳೋರಿಗೆ ರಕ್ತದಲ್ಲಿ ಅದರ ಪ್ರಮಾಣ, ಥೈರಾಯ್ಡ್, ಕಿಡ್ನಿ ನೋಡ್ತಾ ಇರಬೇಕು. ಈಗ ಡೈರೆಕ್ಟರ್ ಆದವರು ಖರ್ಚು ಕಡಿಮೆ ಮಾಡೋಣ ಅಂತ ಲ್ಯಾಬ್ ಒಪ್ಪಂದ ವಾರಕ್ಕೆ ಒಂದೇ ದಿನ ಅಂತ ಮಾಡಿದ್ರು ಅಂದ್ಕೊಳ್ಳಿ. ಕಾಗದದ ಮೇಲೆ ಅದು ಆಡಳಿತದ ತೀರ್ಮಾನ. ವಾರ್ಡಿನಲ್ಲಿ ಅದು ವೈದ್ಯಕೀಯ ತೀರ್ಮಾನ. ರಾತ್ರಿ ಎರಡು ಗಂಟೆಗೆ ಜ್ವರ ಬಂದ, ತಕ್ಷಣ ರಕ್ತ ನೋಡಬೇಕಾದ ಪೇಶೆಂಟ್ ಮುಂದೆ ನಿಂತುಕೊಳ್ಳೋದು ನಾನು, ಕೋರ್ಟಿಗೆ ಹೋಗೋದೂ ನಾನು. ನನ್ನ ಕೈ ಕಟ್ಟೋ ಅಧಿಕಾರ ಮಾತ್ರ ಬೇರೆಯವರ ಹತ್ರ.

ಇದು ಡಿಗ್ರಿ ಜಂಬ ಅಲ್ಲ.

ನೈಟ್_ಡ್ಯೂಟಿ:
ಡಾಕ್ಟ್ರೇ, ರಾತ್ರಿ ಎರಡು ಗಂಟೆಗೆ ಪೇಶೆಂಟ್ ಮುಂದೆ ನಿಂತ್ಕೊಳ್ಳೋದು ನಾವು ನರ್ಸ್‌ಗಳು. ನೀವು ಬರೋದು ಎರಡೂಮುಕ್ಕಾಲಿಗೆ 🙂

ಅಂತರಗಂಗೆ:
ಒಪ್ಪಿದೆ ಸಿಸ್ಟರ್. ಕೆಲವು ಸಲ ಫೋನಲ್ಲೇ.

ಗುಬ್ಬಿ_ಗೇಟ್:
ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎರಡೂ ಒಂದೇ ಅಲ್ವಾ? ಯಾಕೆ ಜಗಳ?

ಕ್ಲಾಸ್_ರೂಂ_ಕೊನೇ_ಬೆಂಚು:
@ಗುಬ್ಬಿ_ಗೇಟ್ ಒಂದೇ ಅಲ್ಲ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಮನಶ್ಶಾಸ್ತ್ರದಲ್ಲಿ ಎಂ.ಎ ಅಥವಾ ಎಂ.ಎಸ್ಸಿ ಮಾಡಿ, ಅದರ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷ ಎಂ.ಫಿಲ್ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರು. ಪರೀಕ್ಷೆ ಮಾಡ್ತಾರೆ, ಥೆರಪಿ ಕೊಡ್ತಾರೆ, ಮಾತ್ರೆ ಬರೆಯಲ್ಲ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ ಬೋರ್ಡ್ ಹಾಕ್ಕೊಂಡ 'ಮೈಂಡ್ ಕೋಚ್' ಇವೆರಡೂ ಅಲ್ಲ.

ಈಗ ಆ ಎಂ.ಫಿಲ್ಲೇ ಎತ್ತಿಬಿಡ್ತಿದ್ದಾರೆ. ಯುಜಿಸಿ ಎಂ.ಫಿಲ್ ಪದವಿ ರದ್ದು ಮಾಡಿ, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ತನಕ ಅಂತ ಉಸಿರಾಡೋಕೆ ಬಿಟ್ಟಿತ್ತು. ನಮ್ಮ ಬ್ಯಾಚಿನೋರ ಕಥೆ ಕೇಳಲೇಬೇಡಿ.

ಗುಬ್ಬಿ_ಗೇಟ್:
ಓ. ನಮ್ಮ ಭಾವಮೈದ ಹೋಗ್ತಿದ್ದಿದ್ದು ಆ ಮೂರನೇ ಥರದವನ ಹತ್ರ ಅನ್ಸುತ್ತೆ.

ಕಕ್ಷಿದಾರ_ಅಲ್ಲ (ಗೌರಿಬಿದನೂರು):
ವಕೀಲ ನಾನು. ಮೇಡಂ ಕೇಳಿದ ಕಾನೂನಿನ ಪ್ರಶ್ನೆಗೆ ಬರೋಣ, ಉಳಿದದ್ದು ನೀವು ಕಿತ್ತಾಡಿ.

ಮಾನಸಿಕ ಆರೋಗ್ಯ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರ ಮೇ 29ಕ್ಕೆ. ಅದರಲ್ಲಿ 'ಮಾನಸಿಕ ಆರೋಗ್ಯ ವೃತ್ತಿಪರ' ಅಂದ್ರೆ ಮನೋವೈದ್ಯರು ಮಾತ್ರ ಅಲ್ಲ. 55ನೇ ಸೆಕ್ಷನ್ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟು, ಮನೋರೋಗ ಶುಶ್ರೂಷಕರು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರು ಕೂಡ ಅದರೊಳಗೆ ಬರ್ತಾರೆ. ಕೇಂದ್ರದ ಉಸ್ತುವಾರಿ ವಹಿಸಿದವರ ಬಗ್ಗೆ ಹೇಳುವಾಗ ಕಾಯ್ದೆ ಬಳಸೋ ಮಾತು 'ಉಸ್ತುವಾರಿಯಲ್ಲಿರುವ ವೈದ್ಯಾಧಿಕಾರಿ ಅಥವಾ ಮಾನಸಿಕ ಆರೋಗ್ಯ ವೃತ್ತಿಪರ'. ಆ 'ಅಥವಾ' ಇದೆಯಲ್ಲ, ನಿಮ್ಮ ಕುರ್ಚಿ ನಿಂತಿರೋದು ಅದರ ಮೇಲೆ.

ಆದರೆ ಎಲ್ಲಾ ಬಾಗಿಲೂ ತೆರೆದಿದೆ ಅಂದ್ಕೋಬೇಡಿ. 89ನೇ ಸೆಕ್ಷನ್ ನೋಡಿ. ರೋಗಿ ತಾನಾಗಿ ಒಪ್ಪೋ ಸ್ಥಿತಿಯಲ್ಲಿ ಇಲ್ಲದಾಗ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿ ಪರವಾಗಿ ನಿಲ್ಲೋರು) ಅರ್ಜಿಯ ಮೇಲೆ 30 ದಿನದ ತನಕ ದಾಖಲು ಮಾಡ್ಕೋಬಹುದು. ಅದಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಎರಡನೆಯವರು ನೀವಾಗಬಹುದು. ಇನ್ನು ಇಂಥ ದಾಖಲಾತಿ ಸರಿಯಿದೆಯಾ ಅಂತ ನೋಡೋ 74ನೇ ಸೆಕ್ಷನ್ನಿನ ಪುನರ್ವಿಮರ್ಶಾ ಮಂಡಳಿ. ಅದರಲ್ಲಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು, ಡಿಸಿ ಕಡೆಯವರು, ಒಬ್ಬ ಮನೋವೈದ್ಯರು, ಒಬ್ಬ ವೈದ್ಯರು, ರೋಗಿಗಳ ಅಥವಾ ಆರೈಕೆ ಮಾಡೋರ ಕಡೆಯಿಂದ ಇಬ್ಬರು. ಸೈಕಾಲಜಿಸ್ಟ್‌ಗೆ ಅಂತ ಅಲ್ಲಿ ಮೀಸಲು ಕುರ್ಚಿ ಇಲ್ಲ. ರಾಜ್ಯ ಪ್ರಾಧಿಕಾರದಲ್ಲಿ ಒಂದಿದೆ, ಕನಿಷ್ಠ 15 ವರ್ಷದ ಅನುಭವ ಬೇಕು. ನಿಮಗೆ ಇನ್ನೂ ನಾಲ್ಕು ವರ್ಷ ಬಾಕಿ.

ನನ್ನ ಪ್ರಶ್ನೆ ಒಂದೇ: 55ರ ಕೆಳಗೆ ನಿಮ್ಮ ನೋಂದಣಿ ಆಗಿದೆಯಾ? ಪುನರ್ವಸತಿ ಪರಿಷತ್ತಿನ ನೋಂದಣಿ ಬೇರೆ, ಇದು ಬೇರೆ.

ಹೊಂಗೆನೆರಳು:
ಪರಿಷತ್ತಿನದು ಇದೆ. ರಾಜ್ಯದ್ದು ಅರ್ಜಿ ಹಾಕಿದ್ದೆ, ಏನಾಯ್ತು ಅಂತ ತಿರುಗಿ ನೋಡಿಲ್ಲ. ಥ್ಯಾಂಕ್ಸ್ ಸರ್, ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ.

ಕೆಂಪು_ಬಸ್ಸು:
ವಕೀಲ್ರು ಫೀಸ್ ಇಲ್ದೆ ಇಷ್ಟುದ್ದ ಬರೆದಿದ್ದು ನೋಡಿದ್ದು ಇದೇ ಮೊದಲು.

ಮಂಗಳವಾರದ_ಕ್ಲಿನಿಕ್ (ಚಿಕ್ಕಬಳ್ಳಾಪುರ):
ಸರ್ಕಾರಿ ಕಡೆ ಕಥೆ ಕೇಳಿ. ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಗುತ್ತಿಗೆ ಸೈಕಾಲಜಿಸ್ಟ್. ಈ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ರಾಜ್ಯದ ಮಣ್ಣಲ್ಲಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ರು, ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಹಬ್ಬಿಸೋಕೆ ಶುರು ಮಾಡಿತು. ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಬಂತು. ಟೀಮಲ್ಲಿ ಮನೋವೈದ್ಯರು, ಸೈಕಾಲಜಿಸ್ಟು, ಸೋಶಿಯಲ್ ವರ್ಕರು, ನರ್ಸು, ಲೆಕ್ಕಪತ್ರ ಬರೆಯೋರು ಎಲ್ಲಾ ಇರ್ತಾರೆ. ಮುಂದಾಳು ಮಾತ್ರ ವೈದ್ಯರೇ.

ಹಿಂದೆ ನಾನಿದ್ದ ಜಿಲ್ಲೆಯಲ್ಲಿ (ಹೆಸರು ಬೇಡ) ಮನೋವೈದ್ಯರ ಹುದ್ದೆ ಏಳು ತಿಂಗಳು ಖಾಲಿ. ಉಸ್ತುವಾರಿ ಯಾರಿಗೆ ಕೊಟ್ರು ಗೊತ್ತಾ? ಕಣ್ಣಿನ ಡಾಕ್ಟ್ರಿಗೆ. ಪಾಪ ಒಳ್ಳೇ ಮನುಷ್ಯ. "ಅಮ್ಮಾ, ನೀನು ಹೇಳು, ನಾನು ಸಹಿ ಹಾಕ್ತೀನಿ" ಅಂತಿದ್ರು. ಶಿಬಿರ ಎಲ್ಲಿ, ಆಶಾ ಕಾರ್ಯಕರ್ತೆಯರ ತರಬೇತಿ ಯಾವಾಗ, ಯಾವ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮುಗೀತಿದೆ, ಎಲ್ಲಾ ಲೆಕ್ಕ ನಾನೇ ಹಾಕಿ ಕಡತ ಕಳಿಸ್ತಿದ್ದೆ. ಏಳು ತಿಂಗಳು ಕೆಲಸ ನಡೀತು. ನಾಯಕತ್ವ ಅಂದ್ರೆ ಇದೇ ಆದ್ರೆ ನಾವು ಯಾವಾಗಿಂದಲೋ ಮಾಡ್ತಿದ್ದೀವಿ, ಬೋರ್ಡಿನಲ್ಲಿ ಹೆಸರಿಲ್ಲ ಅಷ್ಟೇ.

ನೈಟ್_ಡ್ಯೂಟಿ:
ಕಣ್ಣಿನ ಡಾಕ್ಟ್ರು 😂😂 ದೃಷ್ಟಿಕೋನ ಚೆನ್ನಾಗಿರುತ್ತೆ ಅಂತ ಇರಬೇಕು.

ಪ್ಯಾಸೆಂಜರ್_ಗಾಡಿ (ಬಂಗಾರಪೇಟೆ):
@ಅಂತರಗಂಗೆ ಡಾಕ್ಟ್ರೇ, ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಆರ್.ಎಂ. ವರ್ಮಾ ಅವರು ನ್ಯೂರೋಸರ್ಜನ್. ಈಚೆಗೆ ನಿರ್ದೇಶಕರಾಗಿದ್ದ ಗುರುರಾಜ್ ಅವರು ಎಪಿಡೆಮಿಯಾಲಜಿ, ಅಂದ್ರೆ ರೋಗ ಹರಡುವಿಕೆಯ ಲೆಕ್ಕ ನೋಡೋ ಶಾಸ್ತ್ರದವರು. ಯಾರೂ ಕ್ಲೋಜಪಿನ್ ಡೋಸ್ ಕೇಳಿಕೊಂಡು ಅವರ ಬಾಗಿಲಿಗೆ ಹೋಗ್ಲಿಲ್ಲ. ಅವರು ನಡೆಸಬಹುದು, ಇಡೀ ದಿನ ಮನಸ್ಸಿನ ಜೊತೆಗೇ ಕೂರೋ ಸೈಕಾಲಜಿಸ್ಟ್ 40 ಹಾಸಿಗೆ ನಡೆಸಬಾರದಾ?

ಅಂತರಗಂಗೆ:
ಅವರೆಲ್ಲಾ ವೈದ್ಯರು.

ಪ್ಯಾಸೆಂಜರ್_ಗಾಡಿ:
ಅದನ್ನೇ ಕೇಳಿದ್ದು ನಾನು. ಪ್ರಶ್ನೆ ಕ್ಲೋಜಪಿನ್ ಅಲ್ಲ, ಬಿಳಿ ಕೋಟು.

ಕ್ಲಾಸ್_ರೂಂ_ಕೊನೇ_ಬೆಂಚು:
ಒಂದು ಹಳೇ ವಿಷಯ. ನಿಮ್ಹಾನ್ಸ್ ಆಗೋಕೆ ಮುಂಚೆ ಅಲ್ಲಿದ್ದಿದ್ದು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಅದನ್ನ ಕಟ್ಟಿದ ಎಂ.ವಿ. ಗೋವಿಂದಸ್ವಾಮಿ ಮನೋವೈದ್ಯರು. ಆದ್ರೂ 1955ರಲ್ಲಿ ಮನೋವೈದ್ಯರ ಡಿಪ್ಲೊಮಾ ಜೊತೆ ಜೊತೆಗೇ ಸೈಕಾಲಜಿಯವರಿಗೆ 'ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರ' ಅಂತ ಡಿಪ್ಲೊಮಾನೂ ಶುರುವಾಯ್ತು. ವಕೀಲರು ಹೇಳಿದ ಕಾಯ್ದೆ ತೆಗೆದು ಕ್ಲಿನಿಕಲ್ ಸೈಕಾಲಜಿಸ್ಟ್ ಅರ್ಹತೆ ಓದಿ, ಆ ಹೆಸರು ಇವತ್ತಿಗೂ ಅಲ್ಲಿದೆ. ಎರಡೂ ಒಂದೇ ಸೂರಿನ ಕೆಳಗೆ, ಒಂದೇ ವರ್ಷ ಹುಟ್ಟಿದ ಮಕ್ಕಳು. ದೊಡ್ಡೋನು ಯಾರು ಅನ್ನೋ ಜಗಳ ಆಮೇಲಿಂದು.

ಶಿರಾ_ಕಡಲೆಕಾಯಿ:
ಇದೆಲ್ಲಾ ಬೆಂಗಳೂರಿನೋರ ಕಾಯಿಲೆ ಗುರೂ. ನಮ್ಮ ಕಡೆ ಹೊಲದಲ್ಲಿ ಕೆಲಸ ಮಾಡಿದ್ರೆ ಡಿಪ್ರೆಶನ್ನೂ ಇಲ್ಲ ಏನೂ ಇಲ್ಲ. ಡೈರೆಕ್ಟರ್ ಯಾರಾದ್ರೇನು.

ಮಂಗಳವಾರದ_ಕ್ಲಿನಿಕ್:
@ಶಿರಾ_ಕಡಲೆಕಾಯಿ ಅಣ್ಣಾ, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16ರಲ್ಲಿ ನಡೀತಲ್ಲ, ಅದಕ್ಕೆ ಮೊದಲು ಪ್ರಾಯೋಗಿಕವಾಗಿ ಸಮೀಕ್ಷೆ ಮಾಡಿದ್ದು ಕೋಲಾರ ಜಿಲ್ಲೆಯಲ್ಲಿ, ಬೆಂಗಳೂರಲ್ಲಲ್ಲ. ದೇಶದ ಲೆಕ್ಕ ಬಂದಾಗ ವಯಸ್ಕರಲ್ಲಿ ನೂರಕ್ಕೆ 10.6 ಜನಕ್ಕೆ ಒಂದಲ್ಲ ಒಂದು ತೊಂದರೆ. ಚಿಕಿತ್ಸೆ ಸಿಗದೇ ಉಳಿದವರು ಕಾಯಿಲೆಯ ಮೇಲೆ ಹೋಗಿ ನೂರಕ್ಕೆ 70ರಿಂದ 92. ನಿಮ್ಮ ಜಿಲ್ಲೆಯ ತುರುವೇಕೆರೆಯಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರೋರನ್ನ ಊರಲ್ಲೇ ಇಟ್ಟು ವರ್ಷಗಟ್ಟಲೆ ನೋಡ್ಕೊಂಡಿದ್ದಾರೆ. ಎಲ್ಲಾ ಹೊಲ ಉಳೋ ಮನೆಯವರೇ.

ಶಿರಾ_ಕಡಲೆಕಾಯಿ:
ಸರಿ ಬಿಡಿ, ಗೊತ್ತಿರಲಿಲ್ಲ. ನಮ್ಮ ಚಿಕ್ಕಪ್ಪಂಗೂ ಏನೋ ಇದೆ, ಯಾರಿಗೂ ಹೇಳಲ್ಲ ಮನೇಲಿ.

ಮಂಗಳವಾರದ_ಕ್ಲಿನಿಕ್:
14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇಲ್ಲಾ ಅಂದ್ರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ತಿಪಟೂರು_ಟು_ಲೀಡ್ಸ್:
ನಾನು ಹತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಮನೋರೋಗ ಶುಶ್ರೂಷಕ. ಇಲ್ಲಿ 2007ರ ಕಾನೂನು ತಿದ್ದುಪಡಿ ಆದಮೇಲೆ, ಒತ್ತಾಯದಿಂದ ದಾಖಲಾದ ರೋಗಿಯ ಪೂರ್ತಿ ಜವಾಬ್ದಾರಿ ಹೊರೋ ಕ್ಲಿನಿಷಿಯನ್ ಸೈಕಾಲಜಿಸ್ಟ್ ಕೂಡ ಆಗಬಹುದು. ಅಂಥವರು ಸಂಖ್ಯೆಯಲ್ಲಿ ಕಡಿಮೆ, ಆದರೆ ದಾರಿ ಇದೆ. ಮಾತ್ರೆ ವಿಷಯ ಬಂದಾಗ ಪಕ್ಕದಲ್ಲಿರೋ ವೈದ್ಯರು ನೋಡ್ಕೋತಾರೆ.

ಇನ್ನೊಂದು ಮುಖ್ಯ. ಇಲ್ಲಿನ ಸರ್ಕಾರಿ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮುಖ್ಯಸ್ಥರು ವೈದ್ಯರೇ ಆಗಬೇಕು ಅಂತಿಲ್ಲ, ನರ್ಸ್ ಆಗಿದ್ದವರು, ಲೆಕ್ಕಪತ್ರದವರು ಯಾರೂ ಆಗಬಹುದು. ಆದರೆ ಆಡಳಿತ ಮಂಡಳಿಯಲ್ಲಿ ಒಬ್ಬ ವೈದ್ಯರು, ಒಬ್ಬ ನರ್ಸು, ಒಬ್ಬ ಹಣಕಾಸಿನವರು ಇರಲೇಬೇಕು. ಅಂತರಗಂಗೆ ಡಾಕ್ಟ್ರು ಹೇಳಿದ ಲ್ಯಾಬ್ ಒಪ್ಪಂದದ ಥರದ್ದು ಬಂದ್ರೆ ವೈದ್ಯ ನಿರ್ದೇಶಕರು ಮೇಜು ಕುಟ್ಟಿ ಬೇಡ ಅಂತಾರೆ. ಕುರ್ಚಿ ಯಾರದ್ದು ಅನ್ನೋದಕ್ಕಿಂತ, ಬೇಡ ಅನ್ನೋ ಹಕ್ಕು ಯಾರಿಗೆ ಎಲ್ಲಿ ಇದೆ ಅನ್ನೋದನ್ನ ಬರೆದಿಡೋದು ಮುಖ್ಯ.

ಅಮೆರಿಕದಲ್ಲಿ ಆರ್ಥರ್ ಎವನ್ಸ್ ಅಂತ ಒಬ್ಬ ಸೈಕಾಲಜಿಸ್ಟ್ ಫಿಲಡೆಲ್ಫಿಯಾ ನಗರದ ಇಡೀ ಮಾನಸಿಕ ಆರೋಗ್ಯ ಇಲಾಖೆನ ವರ್ಷಗಟ್ಟಲೆ ನಡೆಸಿದ್ರು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಮಾನಸಿಕ ಆರೋಗ್ಯ ವಿಭಾಗದ ನಿರ್ದೇಶಕಿಯಾಗಿದ್ದ ಡೆವೋರಾ ಕೆಸ್ಟೆಲ್ ಕೂಡ ಓದಿದ್ದು ಸೈಕಾಲಜಿ.

ಕೆಂಪು_ಬಸ್ಸು:
ಲೀಡ್ಸ್ ಕಥೆ ಲೀಡ್ಸ್‌ಗೆ. ಇಲ್ಲಿ ಟ್ರಸ್ಟಿಯ ಅಳಿಯ ಸ್ಟೋರ್ ಕೀಪರ್ ಆಗಿರ್ತಾನೆ, ಅವನು ಒಂದು ದಿನವೂ ಟೈಮಿಗೆ ಬರಲ್ಲ. ಅದಕ್ಕೆ ಯಾವ ದೇಶದ ಮಾದರಿ ಇದೆ?

ತಿಪಟೂರು_ಟು_ಲೀಡ್ಸ್:
ಅಳಿಯಂದಿರು ಎಲ್ಲಾ ದೇಶದಲ್ಲೂ ಇದ್ದಾರೆ ಕಣಣ್ಣ.

ಹೊಂಗೆನೆರಳು:
@ಕೆಂಪು_ಬಸ್ಸು ನೀವು ನಮ್ಮಲ್ಲಿ ಕೆಲಸ ಮಾಡಿದ್ರಾ?? 😳

ನೈಟ್_ಡ್ಯೂಟಿ:
ಈಗ ನನ್ನ ಸರದಿ. ಎರಡು ಕಡೆ ಸೈಕಾಲಜಿಸ್ಟ್ ಬಾಸ್ ಕೆಳಗೆ ಕೆಲಸ ಮಾಡಿದ್ದೀನಿ, ಎರಡೂ ಬೇರೆ ಬೇರೆ ಊರು, ಹೆಸರು ಕೇಳ್ಬೇಡಿ.

ಮೊದಲನೆಯವರು ಬಂಗಾರದಂಥ ಮನುಷ್ಯ. ನೈಟ್ ಡ್ಯೂಟಿ ಪಟ್ಟಿ ವಿಷಯದಲ್ಲಿ ನಮ್ಮಲ್ಲಿ ಜಗಳ ಇತ್ತು. ಚಿಕ್ಕ ಮಕ್ಕಳಿರೋ ಇಬ್ಬರಿಗೆ ನೈಟ್ ಇರಲಿಲ್ಲ, ಅವರ ಪಾಲೂ ಮಿಕ್ಕವರ ತಲೆ ಮೇಲೆ. ಈಯಪ್ಪ ಎಲ್ಲರನ್ನೂ ದುಂಡಗೆ ಕೂರಿಸಿ "ನಿಮಗೆ ಹೇಗನ್ನಿಸ್ತು" ಅಂತ ಕೇಳಿದ್ರು. ನಾವು ಹೇಳಿದ್ವಿ. ಮುಂದಿನ ವಾರ ಮತ್ತೆ ಕೂರಿಸಿದ್ರು. ಮತ್ತೆ ಹೇಳಿದ್ವಿ. ಹಿಂಗೇ ಎರಡು ತಿಂಗಳು. ಎಲ್ಲರ ಕಷ್ಟ ಎಲ್ಲರಿಗೂ ಬಾಯಿಪಾಠ ಆಯ್ತು, ಪಟ್ಟಿ ಮಾತ್ರ ಬದಲಾಗಲಿಲ್ಲ. ಕೊನೆಗೆ ಮೂರು ಜನ ಬಿಟ್ಟು ಹೋದ್ರು. ಅವರಿಗೂ ಒಂದು ಬೀಳ್ಕೊಡುಗೆ, ಅಲ್ಲೂ "ಹೇಗನ್ನಿಸ್ತಿದೆ".

ಎರಡನೆಯವರು ಹೆಂಗಸು, ಮಾತು ಕಮ್ಮಿ. ಬಂದ ಹದಿನೈದು ದಿನ ಏನೂ ಮಾಡ್ಲಿಲ್ಲ, ಗಲಾಟೆ ರಿಜಿಸ್ಟರ್ ಓದಿದ್ರು ಅಷ್ಟೇ. ನಮ್ಮಲ್ಲಿ ರೋಗಿಗಳು ರೇಗಾಡೋದು, ಹೊಡೆದಾಡೋದು ಹೆಚ್ಚಾಗಿ ಸಂಜೆ ಏಳರ ಸುತ್ತ. ನಾವು ಅದನ್ನ "ಸಂಜೆ ಹೊತ್ತು ಹಂಗೇ" ಅಂತ ಬಿಟ್ಟಿದ್ವಿ. ಆಯಮ್ಮ ಹಿಡಿದಿದ್ದು ಏನಂದ್ರೆ, ಶಿಫ್ಟ್ ಬದಲಾಗೋದು, ಮಾತ್ರೆ ಕೊಡೋದು, ಊಟಕ್ಕೆ ಕಾಯೋದು, ಟಿವಿ ಆರಿಸೋದು, ನಾಲ್ಕೂ ಆ ಅರ್ಧ ಗಂಟೆಯಲ್ಲೇ ಬರ್ತಿತ್ತು. ಊಟ ಮುಂಚೆ ತಂದ್ರು, ಶಿಫ್ಟ್ ಎಂಟಕ್ಕೆ ಮಾಡಿದ್ರು. ಯಾವ ಮಾತ್ರೆಯ ಡೋಸೂ ಏರಿಸದೆ ಗಲಾಟೆ ಅರ್ಧಕ್ಕಿಳೀತು. ನಮಗೆ ಯಾರಿಗೂ ಹೇಗನ್ನಿಸ್ತು ಅಂತ ಕೇಳಲೇ ಇಲ್ಲ ಆಯಮ್ಮ 😀 ನಮಗೆ ಚೆನ್ನಾಗೇ ಅನ್ನಿಸ್ತು.

ಒಂದೇ ಓದು, ಇಬ್ಬರು. ನೀವು ಯಾರ ಥರ ಅಂತ ನೀವೇ ನೋಡ್ಕೊಳಿ ಮೇಡಂ.

ಅಂತರಗಂಗೆ:
ಸಿಸ್ಟರ್, ಆ ಎರಡನೆಯವರ ಕೈ ಕೆಳಗೆ ನಾನೂ ಕೆಲಸ ಮಾಡ್ತೀನಿ. ಬರೆದಿಟ್ಕೊಳಿ.

ಬಟವಾಡಿ_ಹುಡುಗ:
ಅಂತರಗಂಗೆ ನೀರು ಹರಿಯೋಕೆ ಶುರುವಾಯ್ತು 🙏

ದ್ರಾಕ್ಷಿ_ತೋಟ (ಚಿಂತಾಮಣಿ):
ಆಡಿಟರ್ ಕಡೆಯಿಂದ ಒಂದು ಮಾತು. ಇಂಥ ಎರಡು ಮೂರು ಸಂಸ್ಥೆ ಲೆಕ್ಕ ನೋಡಿದ್ದೀನಿ. ಥೆರಪಿ ಮಾಡ್ತಿದ್ದೋರು ಮೇಲೆ ಬಂದಾಗ ಆಗೋ ಮೊದಲ ತಪ್ಪು ಫೀಸು. ಕೌನ್ಸೆಲಿಂಗ್ ರೂಮಲ್ಲಿ ಕೂತು ಆ ಮನೆಯ ಕಷ್ಟ ಪೂರ್ತಿ ಕೇಳಿರ್ತಾರೆ, "ಮೂರು ತಿಂಗಳದ್ದು ಬಿಟ್ಬಿಡಿ" ಅಂತ ಬರೆದುಬಿಡ್ತಾರೆ. ಬಿಡಲಿ, ಬಿಡಬೇಕು. ಆದರೆ ಯಾವ ತಲೆಬರಹದಲ್ಲಿ ಬಿಟ್ರು? ದಾನದ ಹಣದಲ್ಲಿ ಸರಿದೂಗಿಸಿದ್ರಾ? ಟ್ರಸ್ಟ್ ನಿರ್ಣಯ ಇದೆಯಾ? ಇಲ್ಲ. ವರ್ಷದ ಕೊನೆಗೆ ಅಡುಗೆಯವರ ಪಿಎಫ್ ಕಟ್ಟೋಕೆ ದುಡ್ಡಿಲ್ಲ. ಕರುಣೆ ತೋರಿಸಿದ್ದು ಡೈರೆಕ್ಟರ್ರು, ಅದರ ಬಿಲ್ಲು ಕಟ್ಟಿದ್ದು ಅಡುಗೆಯವರು.

ರಿಯಾಯ್ತಿಗೆ ಅಂತ ವರ್ಷದ ಶುರುವಲ್ಲೇ ಒಂದು ಮೊತ್ತ ಎತ್ತಿಡಿ, ಇಂತಿಷ್ಟು ಹಾಸಿಗೆ ಅಂತ. ಯಾರಿಗೆ ಕೊಡಬೇಕು ಅನ್ನೋದನ್ನ ನೀವೊಬ್ಬರೇ ತೀರ್ಮಾನ ಮಾಡ್ಬೇಡಿ, ಸೋಶಿಯಲ್ ವರ್ಕರ್, ಲೆಕ್ಕದವರು, ನೀವು, ಮೂರು ಜನ ಕೂತು ಮಾಡಿ. ಆಮೇಲೆ ಚೆಕ್ಕಿಗೆ ಎರಡು ಸಹಿ. ಖಾಲಿ ಚೆಕ್ಕಿಗೆ ಮುಂಚೆನೇ ಸಹಿ ಹಾಕಿಡೋ ಅಭ್ಯಾಸ ಅಲ್ಲಿದ್ರೆ, ಮೊದಲ ದಿನ ನಿಲ್ಲಿಸಬೇಕಾದ್ದು ಅದು.

ಹೊಂಗೆನೆರಳು:
ಇದೆ ಸರ್ ಆ ಅಭ್ಯಾಸ 🤦

ಮುಳಬಾಗಿಲು_ದೋಸೆ:
ಬಜೆಟ್ ಬಿಡಿ, ಅಡುಗೆಯವರ ಮಾತು ಬಂತಲ್ಲ, ಇಂಥ ಕಡೆ ಬೆಳಿಗ್ಗೆ ತಿಂಡಿಗೆ ಏನು ಕೊಡ್ತಾರೆ? ನಮ್ಮ ಅಣ್ಣ ಇದ್ದ ಕಡೆ ಮೂರು ಹೊತ್ತೂ ಚಿತ್ರಾನ್ನ.

ಕ್ಯಾತ್ಸಂದ್ರ_ಕಡೆಯೋನು:
ತುಮಕೂರಲ್ಲಿ ಇದ್ಕೊಂಡು ತಟ್ಟೆ ಇಡ್ಲಿ ಕೊಡ್ದೆ ಇದ್ರೆ ಅದೇ ಒಂದು ಕೇಸ್ ಆಗುತ್ತೆ.

ಮುಳಬಾಗಿಲು_ದೋಸೆ:
ತಟ್ಟೆ ಇಡ್ಲಿ ಅಂದ್ರೆ ಒಂದು ತಿಂದ್ರೆ ಮಧ್ಯಾಹ್ನದ ತನಕ ನಿದ್ದೆ. ದೋಸೆ ತಿನ್ನಿ, ಎಚ್ಚರ ಇರ್ತೀರ.

ಕ್ಯಾತ್ಸಂದ್ರ_ಕಡೆಯೋನು:
ಅಷ್ಟು ಬೆಣ್ಣೆ ಹಾಕಿದ್ಮೇಲೆ ಯಾರೋ ಎಚ್ಚರ ಇರ್ತಾರೆ!

ಕಕ್ಷಿದಾರ_ಅಲ್ಲ:
ವಿಷಯಕ್ಕೆ ಬನ್ನಿ ಮಹನೀಯರೇ.

ಮಧುಗಿರಿ_ಅಮ್ಮ:
ನಾನು ಓದಿದೋಳಲ್ಲ, ಮಗಳು ಟೈಪ್ ಮಾಡ್ತಾ ಇದಾಳೆ. ನನ್ನ ಮಗ ನಾಕು ವರ್ಷ ಇಂಥ ಕೇಂದ್ರದಲ್ಲಿ ಇದ್ದ. ಡಾಕ್ಟ್ರು ವಾರಕ್ಕೊಂದಪ ಬರೋರು, ಐದು ನಿಮಿಷ, ಮಾತ್ರೆ ಬರ್ಯೋರು, ಓಗೋರು. ತಪ್ಪು ಯೋಳ್ತಿಲ್ಲ, ಆ ಮಾತ್ರೆಯಿಂದ್ಲೇ ಅವ್ನು ಮನ್ಸ ಆದ. ಆದ್ರೆ ಅವ್ನು ಊಟ ಬಿಟ್ಟಿದ್ದು ಯಾಕೆ ಅಂತ ಕಂಡಿಡ್ದಿದ್ದು ಮಾತಾಡ್ಸೋ ಮೇಡಮ್ಮು. ಪಕ್ಕದ ಮಂಚದೋನು ಬೈತಿದ್ದ ಅಂತೆ.

ಆಮ್ಯಾಕೆ ಆ ಮೇಡಮ್ಮುನ್ನೇ ದೊಡ್ಡೋರು ಮಾಡಿದ್ರು. ನಂಗೆ ಖುಸಿ ಆಯ್ತು. ಆದ್ರೆ ಅವತ್ತಿಂದ ಅವ್ರು ಸಿಗ್ನೇ ಇಲ್ಲ. ಓದ್ರೆ ಮೀಟಿಂಗು, ಮೀಟಿಂಗು. ನನ್ನ ಮಗ ಬಾಗ್ಲಲ್ಲಿ ನಿಂತ್ಕಂಡು ನೋಡೋನು. ಒಂದಿನ ಕೇಳ್ದ, "ನಾನೇನಾರ ತಪ್ಪು ಮಾಡಿದ್ನೇನಮ್ಮಾ" ಅಂತ.

ನೀನು ದೊಡ್ಡೋಳಾಗು ತಾಯಿ. ಆದ್ರೆ ಓಗೋಕೆ ಮುಂಚೆ ಒಬ್ಬೊಬ್ರನ್ನೂ ಕೂರಿಸ್ಕಂಡು ಯೋಳ್ಬುಟ್ಟು ಓಗು.

ನೈಟ್_ಡ್ಯೂಟಿ:
ಅಮ್ಮಾ 🙏

ಹೊಂಗೆನೆರಳು:
ಅಮ್ಮ, ಇದನ್ನ ಮೂರು ಸಲ ಓದಿದೆ. ಮಗ ಈಗ ಹೇಗಿದ್ದಾನೆ?

ಮಧುಗಿರಿ_ಅಮ್ಮ:
ಮನೇಲವ್ನೆ. ಎರಡು ಸೀಮೆ ಅಸ ಕಟ್ಟವ್ನೆ, ಡೈರಿಗೆ ಆಲು ಆಕ್ತಾನೆ. ಮಾತ್ರೆ ತಪ್ಸಲ್ಲ.

ಮರಳಿ_ಗೂಡಿಗೆ (ಕೋಲಾರ):
ಮೇಡಂ, ನಾನು ದಾಟಿ ವಾಪಸ್ ಬಂದವನು. ಮೂರೂವರೆ ವರ್ಷ ಒಂದು ಸಂಸ್ಥೆ ನಡೆಸಿದೆ, ಈಗ ಮತ್ತೆ ಥೆರಪಿ. ಸೋತು ಬಂದೆ ಅಂತ ಜನ ಅಂದ್ಕೋತಾರೆ, ಅಂದ್ಕೊಳ್ಳಲಿ.

ನಮ್ಮ ಓದಿನಲ್ಲಿ ಯಾರೂ ಹೇಳಿಕೊಡದ ಒಂದು ವಿಷಯ ಇದೆ. ಥೆರಪಿ ರೂಮಿನಲ್ಲಿ ನಾವು ಯಾರ ಪಕ್ಷಾನೂ ವಹಿಸಲ್ಲ. ತೀರ್ಪು ಕೊಡಲ್ಲ, ಅವರೇ ದಾರಿ ಕಂಡುಕೊಳ್ಳಲಿ ಅಂತ ಕಾಯ್ತೀವಿ. ಕುರ್ಚಿಯಲ್ಲಿ ಕೂತಾಗ ಕಾಯೋದೇ ಒಂದು ತೀರ್ಪು. ಸಿಸ್ಟರ್ ಹೇಳಿದ ಮೊದಲನೇ ಬಾಸ್ ಇದ್ದಾರಲ್ಲ, ನಾನು ಅವರಲ್ಲ ಅಂತ ಆಣೆ ಮಾಡೋಕೆ ಧೈರ್ಯ ಇಲ್ಲ. 😅

ನನ್ನನ್ನ ನಿಜವಾಗಿ ಮುರಿದಿದ್ದು ಬೇರೆ. ನಮ್ಮ ಒಬ್ಬ ಸಹೋದ್ಯೋಗಿ, ಹಿಂದೆ ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ್ದ, ಕುಡಿತದ ವಿಷಯ. ಆಗ ನಾನು ಅವನ ಸ್ನೇಹಿತ, ಅರ್ಧ ಥೆರಪಿಸ್ಟ್. ಎರಡು ವರ್ಷದ ಮೇಲೆ ನಾನು ಡೈರೆಕ್ಟರ್. ಅವನು ರಾತ್ರಿ ಪಾಳಿಯ ಮೇಲ್ವಿಚಾರಕನಾಗಬೇಕು ಅಂತ ಅರ್ಜಿ ಹಾಕಿದ. ನನಗೆ ಗೊತ್ತಿರೋದನ್ನ ನಾನು ಗೊತ್ತಿಲ್ಲ ಅನ್ನೋ ಹಾಗಿಲ್ಲ, ಬಳಸೋ ಹಾಗೂ ಇಲ್ಲ. ಅವನಿಗೆ ಕೊಡಲಿಲ್ಲ. ಕಾರಣ ಬೇರೇನೋ ಬರೆದೆ. ಅವನಿಗೆ ನಿಜವಾದ ಕಾರಣ ಗೊತ್ತಿತ್ತು. ಅವತ್ತಿಂದ ಆ ಸಂಸ್ಥೆಯಲ್ಲಿ ಯಾರೂ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ.

ಹಾಗಾಗಿ ನಿಮ್ಮ ಮೂರನೇ ಪ್ರಶ್ನೆ, ಆ ಊಟದ ಡಬ್ಬಿ ಗೆಳತಿ, ಅದು ಸಣ್ಣದಲ್ಲ. ಈಗಲೇ ಕೂತು ಮಾತಾಡಿ. "ಇಲ್ಲಿತನಕ ನೀನು ಹೇಳಿದ್ದು ನನ್ನ ಫೈಲಿಗೆ ಬರಲ್ಲ, ಇನ್ಮೇಲೆ ಹೇಳೋದಕ್ಕೆ ಮುಂಚೆ ಯೋಚನೆ ಮಾಡು" ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಕಷ್ಟ ಹೇಳ್ಕೊಳ್ಳೋಕೆ ಸಂಸ್ಥೆಯ ಹೊರಗಿನವರು ಯಾರನ್ನಾದ್ರೂ ಹಿಡ್ಕೊಳಿ, ದುಡ್ಡು ಕೊಟ್ಟಾದ್ರೂ ಸರಿ.

ಅಂತರಗಂಗೆ:
ಇದು ನಮಗೂ ಅನ್ವಯ. ಸಹೋದ್ಯೋಗಿಗೆ ನಿದ್ದೆ ಮಾತ್ರೆ ಬರೆದುಕೊಟ್ಟು ಆಮೇಲೆ ಅವನ ವರದಿ ಬರೆಯೋ ಮನೋವೈದ್ಯರು ಎಷ್ಟು ಜನ ಬೇಕು.

ಮೇಡಂ, ನನ್ನ ಮೊದಲ ಪೋಸ್ಟಿನಿಂದ ನಾನು ಪೂರ್ತಿ ಹಿಂದೆ ಸರಿದಿಲ್ಲ. ಲೀಡ್ಸ್‌ನವರು ಹೇಳಿದ್ದನ್ನ ಸ್ವಲ್ಪ ಬದಲಾಯಿಸಿ ಹೇಳ್ತೀನಿ. ಪೂರ್ತಿ ಸಮಯದ ಮನೋವೈದ್ಯರನ್ನ ವೈದ್ಯಕೀಯ ಮುಖ್ಯಸ್ಥರು ಅಂತ ಕಾಗದದಲ್ಲಿ ಮಾಡಿ. ಔಷಧಿ, ಲ್ಯಾಬು, ದಾಖಲಾತಿ, ತುರ್ತು ಸಂದರ್ಭ, ಈ ನಾಲ್ಕರಲ್ಲಿ ಅವರು ಬೇಡ ಅಂದ್ರೆ ಬೇಡ. ಉಳಿದಿದ್ದೆಲ್ಲಾ ನಿಮ್ಮದು. ರಜೆ ಸಹಿನೂ ನಿಮ್ಮದೇ. 🙂

ಪ್ಯಾಸೆಂಜರ್_ಗಾಡಿ:
ಡಾಕ್ಟ್ರ ರಜೆಗೆ ಡಾಕ್ಟ್ರಲ್ಲದವ್ರ ಸಹಿ, ಡಾಕ್ಟ್ರೇ ಮಂಜೂರು ಮಾಡಿದ್ರು!

ಮಂಗಳವಾರದ_ಕ್ಲಿನಿಕ್:
ನಮಗೂ ಸಿಕ್ಕಿದ್ರೆ ಹೇಳಿ ಇಂಥ ಡಾಕ್ಟ್ರು. ನಮ್ಮ ಗುತ್ತಿಗೆ ಮಾರ್ಚಿಗೆ ಮುಗಿಯುತ್ತೆ, ನಾಯಕತ್ವ ಆಮೇಲಿನ ಮಾತು.

ಹೊಂಗೆನೆರಳು:
ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ, ತಡ ಆಯ್ತು.

ಒಪ್ಪಿಕೊಂಡೆ. ಸುಮ್ನೆ ಅಲ್ಲ, ಎರಡು ಪುಟ ಷರತ್ತು ಬರೆದು ಕೊಟ್ಟೆ. ಅಂತರಗಂಗೆ ಸರ್ ಹೇಳಿದ ನಾಲ್ಕು ವಿಷಯ ಅದರಲ್ಲಿದೆ. ಅದನ್ನ ಮೊದಲು ತೋರಿಸಿದ್ದು ಊಟದ ಹೊತ್ತಲ್ಲಿ ನಕ್ಕಿದ್ದ ಡಾಕ್ಟ್ರಿಗೇ. ಓದಿ ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಪೆನ್ನು ತಗೊಂಡು ಐದನೇದೊಂದು ಸೇರಿಸಿದ್ರು: ರೋಗಿಯ ಕೈಕಾಲು ಕಟ್ಟೋ ಸಂದರ್ಭ ಬಂದ್ರೆ ಪ್ರತಿ ಸಲಾನೂ ವೈದ್ಯರು, ಡೈರೆಕ್ಟರ್ ಇಬ್ಬರೂ ಮಾರನೇ ದಿನ ಕೂತು ನೋಡಬೇಕು ಅಂತ. ನನಗೆ ಹೊಳೆದಿರಲಿಲ್ಲ ಅದು.

ರಾಜ್ಯ ಪ್ರಾಧಿಕಾರದ ನೋಂದಣಿ ಅರ್ಜಿಯಲ್ಲಿ ಒಂದು ದಾಖಲೆ ಕಮ್ಮಿ ಇತ್ತು, ಕಳಿಸಿದೆ. ಅದು ಕೈಗೆ ಬರೋ ತನಕ ಹಳೇ ಡಾಕ್ಟ್ರೇ ಉಸ್ತುವಾರಿ. ವಾರಕ್ಕೆ ಒಂದು ದಿನ, ಗುರುವಾರ, ನಾನು ಥೆರಪಿ ಬಿಡಲ್ಲ ಅಂದೆ, ಟ್ರಸ್ಟ್‌ನವರು ಅರ್ಧ ದಿನ ಅಂದ್ರು. ಚೌಕಾಸಿ ನಡೀತಿದೆ. 23ರಲ್ಲಿ ಎಂಟು ಜನರನ್ನ ಇಟ್ಕೊಂಡು ಹದಿನೈದು ಜನರನ್ನ ಹೊಸಬರಿಗೆ ಒಪ್ಪಿಸ್ತಿದ್ದೀನಿ. ಮಧುಗಿರಿ ಅಮ್ಮ ಹೇಳಿದ ಹಾಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳ್ತಾ ಇದ್ದೀನಿ, ಇವತ್ತಿಗೆ ಆರು ಜನ ಆಯ್ತು. ಒಬ್ಬರು ಬಾಗಿಲು ದಬ್ಬಿಕೊಂಡು ಎದ್ದು ಹೋದ್ರು. ಇನ್ನೊಬ್ಬರು "ನಿಮಗೆ ಎಸಿ ರೂಂ ಕೊಡ್ತಾರಾ" ಅಂತ ಕೇಳಿದ್ರು.

ಡಬ್ಬಿ ಗೆಳತಿ ಹತ್ರ ಇನ್ನೂ ಮಾತಾಡಿಲ್ಲ. ನಾಳೆ ಅವಳ ಸರದಿ ಸಾರು ತರೋದು, ಊಟ ಆದ್ಮೇಲೆ.

ಬಟವಾಡಿ_ಹುಡುಗ:
ಸಂಬಳದ ಚೌಕಾಸಿ ಮಾಡಿದ್ರಾ ಇಲ್ವಾ?

ಹೊಂಗೆನೆರಳು:
ಹದಿನೈದು ಮಾಡ್ಸಿದೆ 😌

ಕೆಂಪು_ಬಸ್ಸು:
ಅಳಿಯ?

ಹೊಂಗೆನೆರಳು:
ಸೋಮವಾರ ನೋಡೋಣ.